ಮೇಲೆ ಪದ್ಯ, ಕೆಳಗೆ ಬಟ್ಟೆ ಹಿಂಡುವವಳು

ಹೋದ ತಿಂಗಳು ನಮ್ಮ ಮನೆಯ ಬಾಯ್ಲರ್ ಸೋರತೊಡಗಿತು. ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ, ದುಡಿದದ್ದೆಲ್ಲ ಪಂಪುಗಳ ನಡುವೆ. ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬ ಒಂದು ವಿಷಯದಲ್ಲಿ ಮಾತ್ರ ನಾನು ಬಾಯಿ ಬಿಟ್ಟರೆ ಜನ ಕೇಳಿಸಿಕೊಳ್ಳುತ್ತಿದ್ದರು. ಆದರೆ ಈ ದೇಶದಲ್ಲಿ ಗ್ಯಾಸಿನ ಯಂತ್ರ ಮುಟ್ಟಲು ಅದಕ್ಕೇ ಬೇರೆ ಸರ್ಟಿಫಿಕೇಟ್ ಬೇಕು. ಹಾಗಾಗಿ ರಿಪೇರಿಯವನನ್ನು ಕರೆಸಿ, ಅವನ ಬೆನ್ನ ಹಿಂದೆ ನಿಂತು, ಅವನು ಕೇಳದ ಸಲಹೆಗಳನ್ನು ಮನಸ್ಸಿನಲ್ಲೇ ಕೊಡುತ್ತಿದ್ದೆ.

ಬಾಯ್ಲರ್ ಇರುವುದು ಮಹಡಿ ಮೆಟ್ಟಿಲು ಮುಗಿಯುವಲ್ಲಿ, ಒಂದು ಕಪಾಟಿನೊಳಗೆ. ಅವನು ತಲೆ ಹೊರಗೆ ತೆಗೆದಾಗ ಎರಡೂ ತೋಳು ಮೊಣಕೈಯವರೆಗೆ ತೊಯ್ದು ತೊಟ್ಟಿಕ್ಕುತ್ತಿದ್ದವು. ಟವೆಲ್ ತರಲು ಹೋದೆ. ಬರುವಷ್ಟರಲ್ಲಿ ಅವನು ಎದುರಿನ ಗೋಡೆಯ ಚಿತ್ರವನ್ನು ನೋಡುತ್ತ ನಿಂತಿದ್ದ.

“ಇವಳ್ಯಾರು, ಲವ್?” ಎಂದ. ಲೀಡ್ಸ್‌ನಲ್ಲಿ ಗಂಡಸರು ಗಂಡಸರನ್ನೂ ‘ಲವ್’ ಎಂದು ಕರೆಯುತ್ತಾರೆ. ಬಂದ ಹೊಸತರಲ್ಲಿ ಅದಕ್ಕೆ ಏನು ಉತ್ತರ ಕೊಡಬೇಕೆಂದು ತಿಳಿಯದೆ ನಾನು ಕೆಮ್ಮುತ್ತಿದ್ದೆ.

“ಜಪಾನಿನವಳು. ಬಟ್ಟೆ ಒಗೀತಿದಾಳೆ.”

“ಅದು ಕಾಣ್ತಿದೆ. ಮೇಲೆ ಬರೆದಿರೋದು ಏನು?”

ಗೊತ್ತಿದ್ದಷ್ಟು ಹೇಳಿದೆ. ಮೇಲಿನ ಮೂಲೆಯ ಬೀಸಣಿಗೆಯಾಕಾರದ ಜಾಗದಲ್ಲಿರುವುದು ಬಹಳ ಹಳೆಯ ಕಾಲದ, ಅರಮನೆಯವರ ಪದ್ಯ. ಅಗಲಿಹೋದವರನ್ನು ನೆನೆದು ಅತ್ತೂ ಅತ್ತೂ ನನ್ನ ಉಡುಪಿನ ತೋಳು ಒಣಗುವುದೇ ಇಲ್ಲ ಎಂದು ಅದರ ಅರ್ಥವಂತೆ. ಕೆಳಗಿರುವವಳು ಚಿತ್ರ ಮಾಡಿದವನ ಕಾಲದ ಯಾವುದೋ ಬೀದಿಯ ಸಾಮಾನ್ಯ ಹೆಂಗಸು. ಅವಳ ತೋಳೂ ಒದ್ದೆ, ಆದರೆ ಅದು ಬಟ್ಟೆ ಹಿಂಡಿ.

ರಿಪೇರಿಯವನು ಟವೆಲನ್ನು ಹೆಗಲಿಗೆ ಹಾಕಿಕೊಂಡ. ಆಮೇಲೆ ತನ್ನ ತೋಳನ್ನೆತ್ತಿ ಚಿತ್ರದ ಪಕ್ಕ ಹಿಡಿದ. “ಹಾಗಾದ್ರೆ ನಾನೂ ಇದರಲ್ಲಿದೀನಿ ಅನ್ನಿ.”

ನಗು ಬಂತು. ಸಂಜೆ ಸುನಂದಾಗೆ ಹೇಳಬೇಕು ಅಂದುಕೊಂಡೆ. ನನ್ನ ಹೆಂಡತಿ ತೀರಿಕೊಂಡದ್ದು ಹೋದ ಶರತ್ಕಾಲದಲ್ಲಿ. ಅವಳಿಗೆ ಹೇಳಬೇಕು ಅಂದುಕೊಳ್ಳುವುದು ಇನ್ನೂ ನಿಂತಿಲ್ಲ. ನಿಲ್ಲಲಿ ಎಂದು ನಾನು ಪ್ರಯತ್ನವನ್ನೂ ಮಾಡಿಲ್ಲ.

ಆ ಹೊತ್ತಿಗೆ ನನ್ನ ತಲೆಯಲ್ಲಿ ಇನ್ನೊಂದು ಚಿಂತೆ ಕೂತಿತ್ತು. ಹಿಂದಿನ ದಿನ ಮಗಳು ನಿಧಿ ಮ್ಯಾಂಚೆಸ್ಟರ್‌ನಿಂದ ಫೋನ್ ಮಾಡಿದ್ದಳು. ಅವಳು ಹುಟ್ಟಿದ್ದು ಬೆಳೆದದ್ದು ಇಲ್ಲೇ. ನಾವು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಹೇಳುವುದು, ನಮ್ಮ ಮನೆಯ ವಾಡಿಕೆ. ಅಪರೂಪಕ್ಕೆ, ಏನಾದರೂ ಆಗಲೇಬೇಕು ಎಂದಾಗ, ಎರಡನ್ನೂ ಕಲಸುತ್ತಾಳೆ.

“ಅಪ್ಪಾ, ಸಂಡೇ ಪಾಪೂನ ನೇಮಿಂಗ್‌ನಲ್ಲಿ ಅಮ್ಮನ ಆ ಹಾಡು ನೀನೇ ಹಾಡ್ಬೇಕು. ಯು ನೋ, ದಿ ಬಸ್ ಡ್ರೈವರ್ ಒನ್.”

“ಕಮಲಕ್ಕ ಬರ್ತಾರಲ್ಲಮ್ಮಾ. ಅವರು ಚೆನ್ನಾಗಿ ಹಾಡ್ತಾರೆ.”

“ನೋ, ಅಪ್ಪಾ. ಅಮ್ಮಂದು.”

ಅದೊಂದು ಜೋಗುಳ. ನನಗೆ ಬರುತ್ತಿದ್ದದ್ದು ಅದರ ಮೊದಲ ಎರಡು ಸಾಲು ಮಾತ್ರ. ಅಷ್ಟು ಹೇಳುವುದನ್ನು ಬಿಟ್ಟು, “ಆಯ್ತು, ಹಾಡ್ತೀನಿ” ಎಂದೆ. ಹೊಸದಾಗಿ ತಾಯಿಯಾದವಳಿಗೆ, ಅದೂ ತಾಯಿಯನ್ನು ಕಳೆದುಕೊಂಡವಳಿಗೆ, ಫೋನಿನಲ್ಲಿ ಇಲ್ಲ ಎನ್ನಲು ಯಾರಿಗೆ ನಾಲಗೆ ಬರುತ್ತದೆ, ನೀವೇ ಹೇಳಿ.

ಜೋಗುಳಕ್ಕೆ ಬಸ್ ಡ್ರೈವರ್ ಹೇಗೆ ಬಂದ ಎಂದು ನಿಮಗೆ ಅನ್ನಿಸಿರಬಹುದು. ಅದಕ್ಕೆ ಗೋಡೆಯ ಚಿತ್ರದಿಂದಲೇ ಹೊರಡಬೇಕು.

ನಾನು ತುಮಕೂರಿನವನು, ಸುನಂದಾ ಧಾರವಾಡದವಳು. ಮದುವೆಯಾದ ಮೇಲೆ ನಾವು ಲೀಡ್ಸ್‌ನ ಹೆಡಿಂಗ್ಲೀ ಬಡಾವಣೆಯ ಈ ಸಾಲುಮನೆಗೆ ಬಂದೆವು. ಅವಳು ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸಕ್ಕೆ ಸೇರಿದಳು. ಬಂದ ಕೆಲವು ವರ್ಷಗಳ ಮೇಲೆ, ಒಂದು ಶನಿವಾರ ಮಳೆಗೆ ಹೆದರಿ ಹಳೆ ಸಾಮಾನಿನ ಅಂಗಡಿಯೊಂದಕ್ಕೆ ನುಗ್ಗಿದಾಗ ಈ ಚಿತ್ರ ಸಿಕ್ಕಿತು. ಅಂಗಡಿಯ ಮುದುಕಿ ಬಹಳ ತಿಳಿದವಳು. ಮರದ ಹಲಗೆಯ ಮೇಲೆ ಚಿತ್ರವನ್ನು ತಿರುಗುಮುರುಗಾಗಿ ಕೆತ್ತಿ, ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ ಮಾಡಿ, ಒಂದರ ಮೇಲೊಂದು ಅದೇ ಕಾಗದಕ್ಕೆ ಒತ್ತುತ್ತಾರೆ ಎಂದು ವಿವರಿಸಿದಳು. ಅಷ್ಟು ಕೇಳಿದ್ದೇ ತಡ, ನನ್ನೊಳಗಿನ ಡಿಪ್ಲೊಮಾ ಎದ್ದು ಕೂತಿತು. ಕನ್ನಡಕ ಏರಿಸಿ ನೋಡಿದೆ. ನೀಲಿ ಬಣ್ಣ ಗೆರೆಯಿಂದ ಕೂದಲೆಳೆಯಷ್ಟು ಆಚೆ ಸರಿದಿತ್ತು. ಹಲಗೆ ಸರಿಯಾಗಿ ಕೂತಿಲ್ಲ, ಬೇರೆ ನೋಡೋಣ ಎಂದು ಸುನಂದಾಳ ಕಿವಿಯಲ್ಲಿ ಹೇಳಿದೆ.

“ಸರದ್ರ ಏನಾತ್ರೀ? ಒದ್ದಿ ಬಟ್ಟಿ ಹಿಂಡ್ಲಿಕ್ಕತ್ಯಾಳ ಅಕಿ. ಬಣ್ಣ ಬಿಡೂದಿಲ್ಲೇನು?” ಎಂದು ಅವಳು ಚಿತ್ರವನ್ನು ಎದೆಗವಚಿಕೊಂಡೇ ಬಿಟ್ಟಳು.

ಮುದುಕಿ ಪದ್ಯದ ಅರ್ಥವನ್ನೂ, ಅರಮನೆಯ ಕಣ್ಣೀರಿನ ಕೆಳಗೆ ಬಚ್ಚಲ ನೀರನ್ನು ಬರೆದವನ ತುಂಟತನವನ್ನೂ ಹೇಳಿದಾಗ ಸುನಂದಾ ಮೊದಲು ಜೋರಾಗಿ ನಕ್ಕಳು. ಆಮೇಲೆ ಬಸ್ಸಿನಲ್ಲಿ ಮನೆಗೆ ಬರುವಾಗ ಗಂಭೀರವಾಗಿ ಕೇಳಿದಳು: “ಅವ ಅರಮನಿಯವರನ್ನ ಆಡಿಕೊಂಡಾನೋ, ಈ ಹೆಂಗಸಿಗೆ ಮರ್ಯಾದಿ ಕೊಟ್ಟಾನೋ?” ನನಗೆ ತಿಳಿಯಲಿಲ್ಲ. ಎರಡೂ ಇರಬಹುದು ಎಂದೆ. ಏನೂ ತಿಳಿಯದಾಗ ನಾನು ಯಾವಾಗಲೂ ಹೇಳುತ್ತಿದ್ದದ್ದು ಅದನ್ನೇ. ಆವತ್ತು ಅಕಸ್ಮಾತ್ ಸರಿಯಿದ್ದಿರಬೇಕು, ಅವಳು ಮರುಮಾತಾಡಲಿಲ್ಲ.

ಆ ವರ್ಷ ನನ್ನ ತಾಯಿ ನಮ್ಮಲ್ಲಿಗೆ ಬಂದಿದ್ದರು. ಆಯುಧಪೂಜೆಯ ದಿನ ಸುನಂದಾ ಕುಂಕುಮದ ಬಟ್ಟಲು ಹಿಡಿದು ಮನೆಯೆಲ್ಲ ಓಡಾಡಿದಳು. ವಾಷಿಂಗ್ ಮಷೀನಿಗೆ, ಮಿಕ್ಸಿಗೆ, ನನ್ನ ಸ್ಪ್ಯಾನರುಗಳಿಗೆ, ಬಾಯ್ಲರಿಗೆ ಬೊಟ್ಟಿಟ್ಟು, ತಿರುಗಿ, ಎದುರಿನ ಗೋಡೆಯ ಜಪಾನಿನವಳ ಹಣೆಯ ಮೇಲೂ, ಗಾಜಿನ ಹೊರಗಿನಿಂದ, ಒಂದು ಬೊಟ್ಟಿಟ್ಟಳು. ಅಮ್ಮ ಕೆಳಗಿನಿಂದ ಕೂಗಿದರು: “ಅದ್ಯಾವ ದೇವರೇ, ಸುನಂದಾ?”

“ದೇವರಲ್ಲ ಅತ್ತಿ, ಕೆಲಸದಾಕಿ. ಈ ಹಬ್ಬ ದುಡಿಯೋವಕ್ಕ ಅಲ್ಲೇನ್ರೀ? ಇಕಿಯಷ್ಟು ಈ ಮನ್ಯಾಗ ಯಾರು ದುಡೀತಾರ? ನಿಮ್ಮ ಮಗಾ ಅಂತೂ ಅಲ್ಲ.”

ಅಮ್ಮ ಒಂದು ಗಳಿಗೆ ಯೋಚಿಸಿ, “ಅದೂ ಸರಿಯೇ ಅನ್ನು” ಎಂದುಬಿಟ್ಟರು. ಇಬ್ಬರೂ ಸೇರಿ ನನ್ನನ್ನು ಕೆಳಗಿಳಿಸುವ ಒಂದು ಅವಕಾಶವನ್ನೂ ಬಿಡುತ್ತಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ಆ ಬೊಟ್ಟು ಪದ್ಧತಿಯೇ ಆಗಿಹೋಯಿತು.

ಆ ಚಿತ್ರದಿಂದ ಸುನಂದಾಳ ಆಟವೊಂದು ಶುರುವಾದದ್ದೂ ಆ ಕಾಲದಲ್ಲೇ. ಬೆಳಿಗ್ಗೆ ಇಬ್ಬರೂ ಒಂದೇ ಡಬಲ್ ಡೆಕ್ಕರ್ ಬಸ್ಸಿನಲ್ಲಿ ಊರೊಳಗೆ ಹೋಗುತ್ತಿದ್ದೆವು. ಅವಳ ಪಾಳಿ ಬದಲಾದ ವಾರ ನಾನೊಬ್ಬನೇ ಕೆಳಗೆ ಕೂರುತ್ತಿದ್ದೆ. ಅವಳಿದ್ದರೆ ಮಹಡಿಯ ಮುಂದಿನ ಸೀಟೇ ಆಗಬೇಕು. ಅಲ್ಲಿ ಕೂತು, ಕೆಳಗೆ ರಸ್ತೆಯಲ್ಲಿ ಹೋಗುವವರಿಗೆಲ್ಲ ಅವಳು ಪದ್ಯ ಹಂಚುತ್ತಿದ್ದಳು. ಅವಳ ಬಳಿ ಅರಮನೆಯ ಪದ್ಯ ಇರಲಿಲ್ಲ. ಇದ್ದದ್ದು ಅವಳಜ್ಜಿಯ ಹಾಡುಗಳು: ಬೀಸುವಾಗಿನವು, ಹಸೆಗೆ ಕರೆಯುವಾಗಿನವು, ಹೆಣ್ಣು ಒಪ್ಪಿಸುವಾಗಿನವು, ಬಯಲಾಟದಲ್ಲಿ ಕೇಳಿ ಬಾಯಿಗೆ ಬಂದವು. ಚಳಿಯಲ್ಲಿ ತೆಳ್ಳನೆ ಅಂಗಿ ತೊಟ್ಟು, ಹಿಂದಿನ ದಿನದ ಪಿಜ್ಜಾ ತಿನ್ನುತ್ತ ಬಸ್ಸಿಗೆ ಕಾಯುವ ವಿದ್ಯಾರ್ಥಿಗೆ ವೀರ ಯುದ್ಧಕ್ಕೆ ಹೊರಡುವ ಪದ. ಫೋನಿನಲ್ಲಿ ಕೌನ್ಸಿಲ್ ಟ್ಯಾಕ್ಸ್ ವಿಷಯಕ್ಕೆ ಯಾರನ್ನೋ ಜಾಡಿಸುತ್ತಿದ್ದ ಹೆಂಗಸಿಗೆ ತುಂಬಿದ ಸಭೆಯಲ್ಲಿ ನ್ಯಾಯ ಕೇಳುವ ರಾಣಿಯ ಮಾತು. ತರಕಾರಿ ತುಂಬಿದ ಎಳೆಯುವ ಚೀಲವನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತಿದ್ದ ಮುದುಕನಿಗೆ ಮಗಳನ್ನು ಗಂಡನ ಮನೆಗೆ ಕಳಿಸುವ ಹಾಡು. “ನೋಡ್ರೀ, ಎಷ್ಟು ಹಗೂರಕ ಇಳಸ್ತಾನ” ಎನ್ನುತ್ತಿದ್ದಳು.

“ನನಗೆ ಯಾವುದು?” ಎಂದು ಒಮ್ಮೆ ಕೇಳಿದೆ.

“ನಿಮಗಿನ್ನೂ ಹುಡುಕ್ಲಿಕ್ಕತ್ತೇನಿ. ಪಂಪಿನ ಮ್ಯಾಲೆ ನಮ್ಮಜ್ಜಿ ಯಾವ ಪದಾನೂ ಕಟ್ಟಿಲ್ಲ.”

ಜೋಗುಳ ಸಿಕ್ಕಿದ್ದು ನಮ್ಮ ಬಸ್ಸಿನ ಡ್ರೈವರನಿಗೆ. ದೊಡ್ಡ ದೇಹ, ದೊಡ್ಡ ಗಡ್ಡ, ನಗು ಕಡಿಮೆ. ಆದರೆ ಬಸ್ಸನ್ನು ಎಂಥ ಹದದಲ್ಲಿ ತೂಗಿಕೊಂಡು ಹೋಗುತ್ತಿದ್ದನೆಂದರೆ, ಮಹಡಿಯಲ್ಲಿ ಕೂತವರೆಲ್ಲ ಮೂರು ಸ್ಟಾಪಿಗೆ ತೂಕಡಿಸತೊಡಗುತ್ತಿದ್ದರು. ಸುನಂದಾ ಹಿಂದೆ ತಿರುಗಿ ಆ ಬಾಗಿದ ತಲೆಗಳನ್ನು ನೋಡಿ, ಸಣ್ಣ ದನಿಯಲ್ಲಿ ಶುರು ಮಾಡುವಳು:

ನಾ ಯಾಕ ತೂಗಲಿ ತೊಟ್ಟಿಲ,
ಗಾಳಿ ಬಂದೈತ ತೂಗಾಕ.

ನಿಧಿ ಹುಟ್ಟಿ, ಅವಳನ್ನು ನರ್ಸರಿಗೆ ಅದೇ ಬಸ್ಸಿನಲ್ಲಿ ಕರೆದೊಯ್ಯುವಾಗ, ಮಗು ಕೇಳಿತು, ಈ ಹಾಡು ಯಾರದು? “ಡ್ರೈವರ್ ಮಾಮಾಂದು” ಎಂದಳು ತಾಯಿ. ಅಂದಿನಿಂದ ಅದಕ್ಕೆ ಅದೇ ಹೆಸರು.

ಈಗ ನೋಡಿ, ಹಾಡು ಪಡೆದ ಜನರೆಲ್ಲ ನನಗೆ ನೆನಪಿದ್ದಾರೆ. ಪಿಜ್ಜಾ ಹುಡುಗನ ಅಂಗಿಯ ಬಣ್ಣವನ್ನೂ ಹೇಳಬಲ್ಲೆ. ಹಾಡುಗಳು ಮಾತ್ರ ಇಲ್ಲ. ಅವು ಅವಳ ಬಾಯಲ್ಲಿದ್ದವು, ಬೇಕೆಂದಾಗ ಬರುತ್ತಿದ್ದವು. ಸದಾ ಬರುವ ನಲ್ಲಿಯ ನೀರನ್ನು ಯಾರು ತುಂಬಿಡುತ್ತಾರೆ? ಗೋಡೆಯ ಚಿತ್ರದಲ್ಲಿ ಮೇಲಿನ ಬೀಸಣಿಗೆಯನ್ನು ಯಾರೋ ಒರೆಸಿಬಿಟ್ಟು ಕೆಳಗಿನ ಹೆಂಗಸನ್ನಷ್ಟೇ ಉಳಿಸಿದರೆ ಹೇಗೋ, ಹಾಗಾಗಿದೆ ನನ್ನ ನೆನಪು.

ಫೋನಿನಲ್ಲಿರುವ ವಿಡಿಯೋಗಳನ್ನೆಲ್ಲ ತೆರೆದೆ. ನಮ್ಮ ಮನೆಯಲ್ಲಿ ವಿಡಿಯೋ ತೆಗೆಯುತ್ತಿದ್ದವಳು ಅವಳೇ. ಆದ್ದರಿಂದ ಎಲ್ಲದರಲ್ಲೂ ಇರುವುದು ನಾನು ಮತ್ತು ನಿಧಿ. ಅವಳು ದನಿ ಮಾತ್ರ. “ಇಲ್ಲೆ ನೋಡ್ರೀ. ನಗ್ರೀ ಸ್ವಲ್ಪ. ಅದೇನ್ ಮಾರಿ ಅದು.” ಕಡಲ ತೀರ, ಹುಟ್ಟಿದ ಹಬ್ಬ, ಹಿಮ ಬಿದ್ದ ಹಿತ್ತಿಲು, ಎಲ್ಲ ಕಡೆಯೂ ಅದೇ. ನಾನು ಎಲ್ಲದರಲ್ಲೂ ನಗದೆ ನಿಂತಿದ್ದೇನೆ. ಆದರೆ ನೋಡುತ್ತ ನೋಡುತ್ತ ಸೋಫಾದಲ್ಲಿ ಕೂತವನು, ಅವಳು ಹೇಳಿದಾಗಲೆಲ್ಲ, ಈಗ ನಗುತ್ತಿದ್ದೆ. ಹಾಡು ಸಿಗಲಿಲ್ಲ.

ಧಾರವಾಡಕ್ಕೆ, ಅವಳ ತಮ್ಮ ರಾಘುವಿಗೆ ಫೋನ್ ಮಾಡಿದೆ.

“ಅಕ್ಕನ ಜೋಗುಳ ಏನ್ರಿ ಭಾವಾ? ಅದು ಅಜ್ಜೀದು. ನಾ ಯಾಕ ತೂಗಲಿ ತೊಟ್ಟಿಲಾ...”

“ಅದೇ, ಅದೇ. ಮುಂದಿಂದು ಹೇಳು, ಬರ್ಕೋತೀನಿ.”

ಅವನು ಗುನುಗತೊಡಗಿದ. “ಗಾಳಿ ಬಂದೈತ ತೂಗಾಕ. ಆಮ್ಯಾಲೆ...”

“ಆಮೇಲೆ?”

“ಆಮ್ಯಾಲೆ ನಿದ್ದಿ ಹತ್ತತಿತ್ರಿ ಭಾವಾ.”

ಇಬ್ಬರೂ ನಕ್ಕೆವು. ನಗು ಮುಗಿದ ಮೇಲೂ ಯಾರೂ ಫೋನ್ ಇಡಲಿಲ್ಲ. ಕೊನೆಗೆ ರಾಘು ಹೇಳಿದ: “ನಮಗ ಯಾರಿಗೂ ಬರೂದಿಲ್ಲ. ಅಜ್ಜಿ ಹಾಡ್ತಿದ್ಲು, ಅಕ್ಕ ತೊಟ್ಟಿಲಾ ತೂಗ್ತಿದ್ಲು. ತೂಗೋಕಿ ಅಕಿ, ಅದಕ್ಕ ಎಚ್ಚರಿದ್ಲು. ಪೂರಾ ಕೇಳಿದಾಕಿ ಅಕಿ ಒಬ್ಬಾಕಿನ.”

ಇನ್ನು ಕಮಲಕ್ಕ. ನಮ್ಮ ಕನ್ನಡದವರ ಗುಂಪಿನಲ್ಲಿ ಎಲ್ಲರಿಗೂ ದೊಡ್ಡವರು, ಮೈಸೂರಿನವರು, ಗಂಡ ಡಾಕ್ಟರು. ಅವರ ಬಳಿ ಕೇಳಿದೆ. “ಅಲ್ರೀ, ಅದಕ್ಯಾಕೆ ಇಷ್ಟು ಪೇಚಾಡ್ತೀರಿ? ನನ್ನ ಹತ್ರ ಪುಸ್ತಕದ ತುಂಬ ಜೋಗುಳ ಇದೆ. ಮೊದಲ ಎರಡು ಸಾಲು ನೀವು ಅನ್ನಿ, ಆಮೇಲೆ ನಾವೆಲ್ಲ ಸೇರಿ ಜೋ ಜೋ ಅಂತ ತುಂಬಿಸಿಬಿಡ್ತೀವಿ. ಗದ್ದಲದಲ್ಲಿ ಯಾರಿಗೆ ಗೊತ್ತಾಗತ್ತೆ?” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ನಿಧಿಗೆ ಗೊತ್ತಾಗುತ್ತದೆ. ಹಾಗಂತ ಮುಂದಿನ ಸಾಲು ಅವಳಿಗೆ ಬರುತ್ತದೆಯೇ? ಅದೂ ಇಲ್ಲ. ಮಗುವಾಗಿದ್ದಾಗ ಅವಳೂ ನಿದ್ದೆ ಮಾಡಿದವಳೇ.

ಬಾಯ್ಲರ್ ರಿಪೇರಿಯಾದ ಮರುದಿನ ನನಗೊಂದು ಉಪಾಯ ಹೊಳೆಯಿತು. ಜನರನ್ನು ನೋಡಿದರೆ ಹಾಡು ನೆನಪಾಗಬಹುದಲ್ಲ? ಆ ರಿಪೇರಿಯವನು ತೋಳೆತ್ತಿದ್ದೇ ಹಳೆಯದೆಲ್ಲ ಬಂದು ನಿಂತಿರಲಿಲ್ಲವೇ? ಬೆಳಗಿನ ಬಸ್ಸು ಹತ್ತಿ, ಸುನಂದಾ ಹೋದ ಮೇಲೆ ಮೊದಲ ಬಾರಿಗೆ ಮಹಡಿಗೆ ಹೋಗಿ, ಮುಂದಿನ ಸೀಟಿನಲ್ಲಿ ಕೂತೆ. ಪಕ್ಕದ ಜಾಗದಲ್ಲಿ ಕೊಡೆ ಇಟ್ಟೆ. ಬಸ್ಸು ಹೊರಟಿತು. ಕಣ್ಣುಮುಚ್ಚಿ ಆ ಎರಡು ಸಾಲನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ರಾಗ ಬಂತು. ರಾಗ ಪೂರ್ತಿ ಬಂತು, ಎಲ್ಲಿ ಏರಬೇಕು ಎಲ್ಲಿ ಇಳಿಯಬೇಕು ಎಲ್ಲವೂ. ಅದರೊಳಗೆ ಮಾತಿಲ್ಲ, ಅಷ್ಟೇ. ಇನ್ನೊಮ್ಮೆ ಹೇಳಿಕೊಂಡೆ. ಬಸ್ಸು ತಿರುವಿನಲ್ಲಿ ಬಾಗಿತು, ನೆಟ್ಟಗಾಯಿತು, ಮತ್ತೆ ಬಾಗಿತು.

“ಕೊನೇ ಸ್ಟಾಪು, ಲವ್.”

ಕಣ್ಣು ತೆರೆದರೆ ತಲೆಗೆ ವಸ್ತ್ರ ಸುತ್ತಿದ್ದ ಎಳೆ ವಯಸ್ಸಿನ ಡ್ರೈವರ್ ಹೆಣ್ಣುಮಗಳು ನನ್ನ ಭುಜ ಮುಟ್ಟುತ್ತಿದ್ದಳು. ಬಸ್ಸು ಖಾಲಿ. ಹಾಡು ಹುಡುಕಲು ಹೊರಟವನು ಮೂರನೇ ಸಾಲಿಗೂ ಮುಂಚೆ ಗೊರಕೆ ಹೊಡೆದಿದ್ದೆ. ಸುನಂದಾ ಹೋದ ಮೇಲೆ ಅಷ್ಟು ಗಾಢವಾದ ನಿದ್ದೆ ನನಗೆ ಬಂದಿರಲಿಲ್ಲ. ಮೆಟ್ಟಿಲಿಳಿದು, ಎಲ್ಲರಂತೆ ಥ್ಯಾಂಕ್ಯೂ ಹೇಳಿ ರಸ್ತೆಗೆ ಬಂದು ನಿಂತವನಿಗೆ, ಸುಮ್ಮಸುಮ್ಮನೆ, ಬಹಳ ಹಗುರವೆನಿಸಿತು. ರಾಘು, ನಿಧಿ, ನಾನು. ಆ ಹಾಡು ಇಷ್ಟೂ ಜನಕ್ಕೆ ಕೆಲಸ ಮಾಡಿತ್ತು. ಮಾತು ಮಾತ್ರ ಸಿಗಲಿಲ್ಲ.

ಭಾನುವಾರ ಬಂದೇ ಬಂತು. ಮ್ಯಾಂಚೆಸ್ಟರ್‌ನ ಆ ಪುಟ್ಟ ಮನೆಯ ತುಂಬ ಜನ. ಅಳಿಯ ಬೆನ್, ಒಳ್ಳೆಯ ಹುಡುಗ, ತಾನೇ ಸ್ಕ್ರೂ ತಿರುಗಿಸಿ ಜೋಡಿಸಿದ ಮಗುವಿನ ಮಂಚಕ್ಕೆ ಚೆಂಡುಹೂವಿನ ಮಾಲೆ ಕಟ್ಟಿ ನಡುಮನೆಯಲ್ಲಿಟ್ಟಿದ್ದ. ಕಮಲಕ್ಕ ಬಂದು ಅದನ್ನು ಒಮ್ಮೆ ದೂಡಿ ನೋಡಿದರು. ಅಲುಗಾಡಲಿಲ್ಲ.

“ಏನ್ರೀ ಇದು? ತೂಗದೇ ಇರೋ ತೊಟ್ಟಿಲಲ್ಲಿ ಎಂಥ ನಾಮಕರಣ ಮಾಡೋದು?”

ಬೆನ್ ಕಿವಿ ಕೆಂಪಾಗಿಸಿಕೊಂಡು, ಅಲುಗಾಡದ ಹಾಗೆ ಗಟ್ಟಿ ಮಾಡಲು ಇಡೀ ಮಧ್ಯಾಹ್ನ ಹಿಡಿಯಿತು ಎಂದು ಇಂಗ್ಲಿಷಿನಲ್ಲಿ ಹೇಳಿದ. ಹೆಂಗಸರೆಲ್ಲ ಒಟ್ಟಿಗೆ ನಕ್ಕರು. ಕೊನೆಗೆ ಕಮಲಕ್ಕನೇ ತೀರ್ಪು ಕೊಟ್ಟರು: “ಹೊರಗಡೆ ಮಗೂನ ತಳ್ಳೋ ಪ್ರಾಮ್ ಇದೆಯಲ್ಲ, ಅದನ್ನೇ ತನ್ನಿ. ಚಕ್ರ ಇದೆ, ಹಿಂದೆ ಮುಂದೆ ಹೋಗತ್ತೆ, ಸಾಕು.” ಚಕ್ರ ಒರೆಸಿ, ಕುಂಕುಮ ಹಚ್ಚಿ, ಮಾಲೆಯನ್ನು ಪ್ರಾಮಿಗೆ ವರ್ಗಾಯಿಸಿದರು. ಮಗುವನ್ನು ಮಲಗಿಸಿ, ಕಿವಿಯಲ್ಲಿ ಹೆಸರು ಹೇಳಿದರು. ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ಸೋಫಾದ ಮೂಲೆಯಿಂದ ನಿಧಿಯೂ ನೋಡಿದಳು. ಸೀರೆಯುಟ್ಟಿದ್ದಳು. ಕಣ್ಣ ಕೆಳಗೆ ಕಪ್ಪು. ಕೂಸು ಹುಟ್ಟಿದ ಮೇಲೆ ಅವಳು ನೆಟ್ಟಗೆ ನಿದ್ದೆ ಮಾಡಿರಲಿಲ್ಲ.

ಪ್ರಾಮಿನ ಹಿಡಿಕೆ ಹಿಡಿದೆ. ಗೊತ್ತಿದ್ದ ಎರಡು ಸಾಲು ಹಾಡಿದೆ. ನನ್ನ ಕಂಠದ ಬಗ್ಗೆ ಹೇಳದಿರುವುದೇ ಲೇಸು, ಪಂಪಿಗೆ ಗಾಳಿ ಹಿಡಿದಾಗಿನ ಸದ್ದು ಅದು. ಆದರೂ ರಾಗ ತಪ್ಪಲಿಲ್ಲ. ಸಾಲು ಮುಗಿಯಿತು. ಕಮಲಕ್ಕ ಜೋ ಜೋ ತೆಗೆಯಲು ಬಾಯಿ ತೆರೆದದ್ದು ಕಂಡಿತು. ನಾನು ಪ್ರಾಮನ್ನು ಹಿಂದಕ್ಕೆಳೆದೆ. ಎದುರಿಗೆ ಬೆನ್ ನಿಂತಿದ್ದ. ರೇಷ್ಮೆ ಜುಬ್ಬಾದ ಹೆಗಲಿನ ಮೇಲೆ ಮಗು ಕಕ್ಕಿದ ಹಾಲಿನ ಬಿಳಿ ಕಲೆ.

ಹಾಲಿನ ಕಲಿ ಒಂದು ಹೆಗಲಾಗ ಹೊತ್ತಾನ,
ನಿಮ್ಮಪ್ಪಗ ಅಂಗಿ ಒಗೆಯಾಕ ಹೊತ್ತಿಲ್ಲ.

ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ನನ್ನ ತುಮಕೂರು ನಾಲಗೆಯ ಮೇಲೆ ಅವಳ ಧಾರವಾಡ ಅಡ್ಡಾದಿಡ್ಡಿಯಾಗಿ ಕೂತಿತ್ತು, ಚಿತ್ರದಲ್ಲಿ ಗೆರೆ ಬಿಟ್ಟು ಸರಿದ ನೀಲಿಯ ಹಾಗೆ. ಯಾರೋ ಕಿಸಕ್ಕನೆ ನಕ್ಕರು. ಏನಂತೆ ಏನಂತೆ ಎಂದು ಬೆನ್ ಪಕ್ಕದವರನ್ನು ಕೇಳಿದ. ಯಾರೋ ಹೇಳಿದರು. ಅವನು ಹೆಗಲು ನೋಡಿಕೊಂಡು ನಕ್ಕ. ನಾನು ನಿಲ್ಲಿಸಲಿಲ್ಲ, ರಾಗ ನಿಲ್ಲಿಸಲು ಬಿಡಲಿಲ್ಲ.

ಕಮಲಜ್ಜಿ ಬಂದಾಳ, ತೊಟ್ಟಿಲ ನೂಕ್ಯಾಳ,
ತೂಗದ ತೊಟ್ಟಿಲಕ ಬೈದಾಳ.

“ಅಯ್ಯೋ, ನನ್ನನ್ನೂ ಬಿಡಲಿಲ್ವಾ!” ಎಂದರು ಕಮಲಕ್ಕ. ಸೆರಗಿನಲ್ಲಿ ಮೂಗೊರೆಸಿಕೊಂಡು, ಮುಂದಿನ ಸಾಲಿಗೆ ತಾವೇ ಜೋ ಎಂದು ದನಿಗೂಡಿಸಿದರು. ಕಾಯಿ ಒಡೆದವರಿಗೊಂದು, ಕೊಸಂಬರಿ ತಂದವರಿಗೊಂದು, ಪಾರ್ಕಿಂಗ್ ಸಿಗದೆ ತಡವಾಗಿ ಬಂದವರಿಗೊಂದು. ಎದುರಿಗೆ ಕಂಡವರೆಲ್ಲ ಮುಗಿದರು. ಇನ್ನು ಉಳಿದವಳು ಅಲ್ಲಿ ಇಲ್ಲದವಳು ಒಬ್ಬಳೇ. ಅವಳ ಬಗ್ಗೆ ಜನರ ಎದುರು ನಾನು ಬಾಯಿಬಿಟ್ಟಿರಲೇ ಇಲ್ಲ. ಅವಳ ದಹನದ ದಿನ ಕ್ರಿಮೆಟೋರಿಯಮ್ಮಿನಲ್ಲಿ ಎರಡು ಮಾತು ಹೇಳಿ ಎಂದಾಗಲೂ ತಲೆಯಾಡಿಸಿ ಕೂತುಬಿಟ್ಟಿದ್ದೆ.

ನಿಮ್ಮಜ್ಜಿ ಇದ್ದಳು, ಊರೆಲ್ಲ ನೋಡ್ಯಾಳ,
ಕಂಡಕಂಡವರಿಗೆ ಪದ ಕೊಟ್ಟಾಳ.

ದನಿ ಒಡೆಯಿತು, ಮತ್ತೆ ಸೇರಿತು. ನಿಧಿಯ ಮುಖ ನೋಡಲು ಧೈರ್ಯ ಸಾಲದೆ, ಒಂದು ಗಳಿಗೆ ಪ್ರಾಮಿನ ಚಕ್ರವನ್ನೇ ನೋಡಿದೆ. ಇದು ಅಮ್ಮನ ಹಾಡಲ್ಲ ಎಂದು ಅವಳಿಗೆ ತಿಳಿದಿರಬೇಕು. ಆಮೇಲೆ ತಲೆಯೆತ್ತಿದೆ.

ನಿಧಿ ಸೋಫಾದ ಮೂಲೆಗೆ ಒರಗಿ, ಬಾಯಿ ಅರೆತೆರೆದು, ಗಾಢ ನಿದ್ದೆಯಲ್ಲಿದ್ದಳು. ಯಾವ ಸಾಲಿನಲ್ಲಿ ನಿದ್ದೆ ಹತ್ತಿತೋ ಯಾರೂ ಗಮನಿಸಿರಲಿಲ್ಲ. ಎಬ್ಬಿಸಲು ಬೆನ್ ಬಗ್ಗಿದ. ಬೇಡ ಎಂದು ತಲೆಯಾಡಿಸಿದೆ. ಪ್ರಾಮಿನೊಳಗೆ ಕೂಸು ಮಾತ್ರ ಕಣ್ಣು ಅಗಲಿಸಿ, ರೆಪ್ಪೆ ಮಿಟುಕಿಸದೆ, ನನ್ನನ್ನೇ ನೋಡುತ್ತಿತ್ತು. ದನಿ ತಗ್ಗಿಸಿ, ಪ್ರಾಮನ್ನು ಮತ್ತೊಮ್ಮೆ ಮೆಲ್ಲಗೆ ಹಿಂದಕ್ಕೆಳೆದು, ಮುಂದಿನ ಸಾಲು ಹುಡುಕತೊಡಗಿದೆ.